ಗುಬ್ಬಿಯೊ ಪಟ್ಟಣದವರು ತೆತ್ತ ಬೆಲೆ

ಪ್ರತಿ ವರ್ಷ ಅಕ್ಟೋಬರ್ 4ರಂದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ ಬಂದಾಗ ಗುಬ್ಬಿಯೊ ಪಟ್ಟಣದ ತೋಳದ ಕಥೆ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಬಲಿಪೂಜೆಯ ಪ್ರಬೋಧನೆಯಲ್ಲಿ ಗುರುಗಳು ಹೇಳುತ್ತಾರೆ, ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್ ಹೇಳುತ್ತಾರೆ, ಧರ್ಮಕೇಂದ್ರದ ವಾರ್ಷಿಕೋತ್ಸವದಲ್ಲಿ ಮಕ್ಕಳು ಅಭಿನಯಿಸಿ ತೋರಿಸುತ್ತಾರೆ. ಗೋಣಿಚೀಲ ಸುತ್ತಿಕೊಂಡ ಹುಡುಗನೊಬ್ಬ ಗುರುಗುಟ್ಟುತ್ತ ಬರುತ್ತಾನೆ. ಕಂದು ನಿಲುವಂಗಿಯ ಇನ್ನೊಬ್ಬ ಹುಡುಗ ಅವನ ಮೇಲೆ ಶಿಲುಬೆಯ ಗುರುತು ಮಾಡುತ್ತಾನೆ. ತೋಳ ತಲೆಬಾಗಿಸಿ ತನ್ನ ಮುಂಗಾಲನ್ನು ಸಂತರ ಕೈಯಲ್ಲಿಡುತ್ತದೆ. ಅಲ್ಲಿಗೆ ಪರದೆ ಬೀಳುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕ್ರೂರಮೃಗ ಪರಿವರ್ತನೆ ಹೊಂದಿತು, ದೇವರಿಗೆ ಸ್ತೋತ್ರ ಎಂದುಕೊಂಡು ನಾವು ಮನೆಗೆ ಹೋಗುತ್ತೇವೆ.

ಕಥೆಯನ್ನು ಹೀಗೆ ಅರ್ಧಕ್ಕೆ ನಿಲ್ಲಿಸುವುದು ಒಂದು ಮೋಸವೆಂದು ನಾನು ಹೇಳಿದರೆ ನೀವು ಬೇಸರಪಡಬಾರದು. ಸಂತ ಫ್ರಾನ್ಸಿಸರ ‘ಪುಟ್ಟ ಹೂಗಳು’ ಎಂಬ ಹಳೆಯ ಕಥಾಸಂಗ್ರಹದಲ್ಲಿ ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ತೋಳವನ್ನು ಸಂತರು ಪಟ್ಟಣದ ಚೌಕಕ್ಕೆ ಕರೆತರುತ್ತಾರೆ. ಅಲ್ಲಿ ಸೇರಿದ ಜನರಿಗೆ ತೋಳದ ಪಾಪವನ್ನಷ್ಟೇ ಅಲ್ಲ, ಅದರ ಹಸಿವನ್ನೂ ತಿಳಿಸುತ್ತಾರೆ. ಬಳಿಕ ಒಪ್ಪಂದವೊಂದನ್ನು ಮುಂದಿಡುತ್ತಾರೆ. ತೋಳವು ಯಾರಿಗೂ ಕೇಡು ಮಾಡಬಾರದು. ಪ್ರತಿಯಾಗಿ ಪಟ್ಟಣದವರು ಅದು ಬದುಕಿರುವ ತನಕ ಅದಕ್ಕೆ ದಿನವೂ ಆಹಾರ ಕೊಡಬೇಕು. ಜನರು ಒಕ್ಕೊರಲಿನಿಂದ ಮಾತು ಕೊಡುತ್ತಾರೆ. ಮುಂದೆ ಎರಡು ವರ್ಷಗಳ ಕಾಲ ಆ ತೋಳವು ಮನೆಯಿಂದ ಮನೆಗೆ ಹೋಗಿ ಉಂಡಿತೆಂದೂ, ಒಂದು ನಾಯಿಯೂ ಅದರತ್ತ ಬೊಗಳಲಿಲ್ಲವೆಂದೂ, ಮುಪ್ಪಿನಿಂದ ಅದು ಸತ್ತಾಗ ಊರಿನವರು ದುಃಖಿಸಿದರೆಂದೂ ಕಥೆ ಹೇಳುತ್ತದೆ.

ಮುಖ್ಯವಾದ ಮಾತು ‘ಮನೆಯಿಂದ ಮನೆಗೆ’ ಎಂಬುದು. ಕಾಡಿನಂಚಿನಲ್ಲಿ ಮನೆಯಿದ್ದ, ಕುರಿ ಕಳೆದುಕೊಂಡಿದ್ದ ಒಬ್ಬನ ಮನೆಯಿಂದಷ್ಟೇ ತೋಳ ಉಣ್ಣಲಿಲ್ಲ. ಪಟ್ಟಣದ ನಡುವೆ ಕಲ್ಲಿನ ಮಹಡಿ ಕಟ್ಟಿಕೊಂಡಿದ್ದ ವರ್ತಕನೂ ಪಾಲು ಕೊಟ್ಟ. ಪವಾಡ ನಡೆದದ್ದು ತೋಳದಲ್ಲಿ ಮಾತ್ರವೆಂದು ನಾವು ಎಣಿಸಿದ್ದೇವೆ. ಒಂದು ಇಡೀ ಊರು ತನ್ನ ಅನ್ನದ ಮಡಕೆಯನ್ನು ಲೆಕ್ಕ ಹಾಕಿ ಹಂಚಿಕೊಂಡದ್ದು ಅದಕ್ಕಿಂತ ದೊಡ್ಡ ಪವಾಡವೆಂದು ನನಗೆ ತೋರುತ್ತದೆ.

ಈ ಅರ್ಧಕ್ಕೆ ನಿಂತ ಕಥೆಯು ನಮ್ಮ ಕಾಲದಲ್ಲಿ ನಿಜವಾಗಿಯೇ ನಡೆದ ಒಂದು ಸ್ಥಳಕ್ಕೆ ನಿಮ್ಮನ್ನು ಕರೆದೊಯ್ಯಬೇಕಾಗಿದೆ. ಅದು ಅಮೆರಿಕದ ಕೊಲೊರಾಡೊ ರಾಜ್ಯದ ಗ್ರ್ಯಾಂಡ್ ಕೌಂಟಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ರಾಕಿ ಪರ್ವತಗಳ ನಡುವಿನ ಈ ಎತ್ತರದ ಸೀಮೆಯಲ್ಲಿ 2020ರ ಜನಗಣತಿಯ ಪ್ರಕಾರ ಹದಿನಾರು ಸಾವಿರಕ್ಕಿಂತ ಕಡಿಮೆ ಜನರಿದ್ದರು. ಹುಲ್ಲುಗಾವಲು, ಪೈನ್ ಮರಗಳ ಕಾಡು, ದೀರ್ಘವಾದ ಹಿಮದ ಚಳಿಗಾಲ. ‘ರಾಂಚ್’ ಎಂದು ಕರೆಯುವ ದೊಡ್ಡ ಹಿಡುವಳಿಗಳಲ್ಲಿ ಮಾಂಸಕ್ಕಾಗಿ ದನ ಸಾಕುವ ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ಬಾಳುತ್ತಿವೆ. ಚಳಿಗಾಲದ ಕೊನೆಯಲ್ಲಿ ಮನೆಯ ಹತ್ತಿರದ ಬಯಲಿನಲ್ಲಿ ಹಸುಗಳು ಕರು ಹಾಕುತ್ತವೆ. ಬೇಸಿಗೆ ಬಂದೊಡನೆ ತಾಯಿ ಕರುಗಳನ್ನು ಸರಕಾರಿ ಕಾಡಿನ ಮೇವಿಗೆ ಅಟ್ಟುತ್ತಾರೆ. ಶರತ್ಕಾಲದಲ್ಲಿ ಮರಳಿ ತಂದು, ಬಲಿತ ಕರುಗಳನ್ನು ಮಾರುತ್ತಾರೆ. ಇಡೀ ವರ್ಷದ ಆದಾಯ ಆ ಒಂದು ಮಾರಾಟದಲ್ಲಿದೆ.

ಈ ಸೀಮೆಗೆ ಮೊದಲು ಬಂದದ್ದು ಬೆಂಕಿ. ‘ಟ್ರಬಲ್‌ಸಮ್’, ಅಂದರೆ ತೊಂದರೆಯ ಹೊಳೆ, ಎಂಬ ಹೆಸರಿನ ತೊರೆಯೊಂದು ಅಲ್ಲಿದೆ. ಅದರ ಪೂರ್ವದ ಕವಲಿನ ಬಳಿ 2020ರ ಅಕ್ಟೋಬರ್ 14ರಂದು ಕಾಳ್ಗಿಚ್ಚು ಹೊತ್ತಿತು. ತೊಂಬತ್ತರ ದಶಕದ ಕೊನೆಯಿಂದಲೇ ತೊಗಟೆ ಕೊರೆಯುವ ಪುಟ್ಟ ಕೀಟವೊಂದು ಆ ಭಾಗದ ಪೈನ್ ಮರಗಳನ್ನು ಲಕ್ಷಗಟ್ಟಲೆ ಕೊಂದಿತ್ತು. ಒಣಗಿ ನಿಂತ ಮರಗಳು ಸೌದೆಯಂತಿದ್ದವು. ವಾರ ಕಳೆದ ಮೇಲೆ, ಅಕ್ಟೋಬರ್ 21ರಂದು, ಬಿರುಗಾಳಿ ಎದ್ದಾಗ ಒಂದೇ ದಿನದಲ್ಲಿ ಆ ಬೆಂಕಿಯು ಸುಮಾರು ಒಂದು ಲಕ್ಷ ಎಕರೆಯನ್ನು ದಾಟಿ ಓಡಿತು. ಕಿಡಿಗಳು ಮರಗಳೇ ಬೆಳೆಯದ ಪರ್ವತದ ನೆತ್ತಿಯನ್ನು ಹಾರಿ ಆಚೆಯ ಇಳಿಜಾರಿಗೆ ಬಿದ್ದವು. ಒಟ್ಟು 1,93,812 ಎಕರೆ ಸುಟ್ಟಿತು. ಮುನ್ನೂರಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಬಾಳಿದ ಮನೆಯನ್ನು ಬಿಟ್ಟುಬರಲು ಒಪ್ಪದ ವೃದ್ಧ ದಂಪತಿ ಅಲ್ಲಿಯೇ ಪ್ರಾಣ ಬಿಟ್ಟರು.

ಆ ದಿನಗಳಲ್ಲಿ ಜನರು ನಡೆದುಕೊಂಡ ರೀತಿಯನ್ನು ಸ್ವಲ್ಪ ನೋಡಬೇಕು. ಬೆಂಕಿ ಆರಿಸುವವರು ಬೇರೆ ಬೇರೆ ರಾಜ್ಯಗಳಿಂದ ಬಂದರು. ಅಮೆರಿಕದಲ್ಲಿ ದೊಡ್ಡ ಕಾಳ್ಗಿಚ್ಚು ಎದ್ದಾಗ ಒಂದು ರಾಜ್ಯ ತನ್ನ ಪಡೆಯನ್ನು ಇನ್ನೊಂದಕ್ಕೆ ಕಳಿಸುವ ವ್ಯವಸ್ಥೆ ಬಹುಕಾಲದಿಂದ ಇದೆ. ವೆಚ್ಚದ ಬಹುಭಾಗವನ್ನು ಕೇಂದ್ರದ ಬೊಕ್ಕಸ ಹೊರುತ್ತದೆ. ಕಾಡಿನಂಚಿನಲ್ಲಿ ಏಕೆ ಮನೆ ಕಟ್ಟಿದಿರಿ ಎಂದು ಕೇಳುತ್ತ ಯಾರೂ ನೀರಿನ ಕೊಳವೆಯನ್ನು ತಡೆಹಿಡಿಯುವುದಿಲ್ಲ. ದನ ಕುದುರೆಗಳನ್ನು ಸಾಗಿಸಲು ಅವರಿವರ ಗಾಡಿಗಳು ಬರುತ್ತವೆ, ಪರಿಚಯವಿಲ್ಲದವರ ಕೊಟ್ಟಿಗೆಗಳು ತೆರೆಯುತ್ತವೆ. ಬೆಂಕಿ ಎಲ್ಲರ ಶತ್ರುವೆಂದು ಎಲ್ಲರೂ ಒಪ್ಪಿದ್ದರಿಂದ ಅದರ ಭಾರವೂ ಎಲ್ಲರದಾಯಿತು.

ಬೂದಿಯಿನ್ನೂ ತಣ್ಣಗಾಗುವ ಮೊದಲೇ, ನವೆಂಬರ್ 3ರಂದು, ಚುನಾವಣೆ ಬಂದಿತು. ಅಧ್ಯಕ್ಷರನ್ನು ಆರಿಸುವ ಮತಪತ್ರದ ಜೊತೆಯಲ್ಲಿ ಕೊಲೊರಾಡೊದ ಮತದಾರರ ಮುಂದೆ ಇನ್ನೊಂದು ಪ್ರಶ್ನೆಯೂ ಇತ್ತು. 114ನೆಯ ಪ್ರಸ್ತಾವ ಎಂದು ಅದರ ಹೆಸರು. ಕಳೆದ ಶತಮಾನದ ನಡುವಿನ ಹೊತ್ತಿಗೆ ರಾಜ್ಯದಲ್ಲಿ ನಿರ್ನಾಮವಾಗಿದ್ದ ಬೂದು ತೋಳವನ್ನು ಪರ್ವತಗಳ ಪಶ್ಚಿಮ ಭಾಗಕ್ಕೆ 2023ರ ಅಂತ್ಯದೊಳಗೆ ಮರಳಿ ತರಬೇಕೇ ಬೇಡವೇ? ನೂರಕ್ಕೆ 50.91 ಮಂದಿ ‘ಬೇಕು’ ಎಂದರು. ಮೂವತ್ತೊಂದು ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಅಂತರ ಐವತ್ತೇಳು ಸಾವಿರಕ್ಕಿಂತ ಕಡಿಮೆ. ‘ಬೇಕು’ ಎಂದವರಲ್ಲಿ ಹೆಚ್ಚಿನವರು ಪರ್ವತಗಳ ಪೂರ್ವಕ್ಕಿರುವ ಡೆನ್ವರ್, ಬೌಲ್ಡರ್ ಮೊದಲಾದ ನಗರಗಳವರು. ತೋಳವನ್ನು ಬಿಡಬೇಕೆಂದು ಪ್ರಸ್ತಾವವೇ ಗೊತ್ತುಮಾಡಿದ್ದ ಪಶ್ಚಿಮದಲ್ಲಿ, ಕೆಲವನ್ನು ಬಿಟ್ಟರೆ ಉಳಿದ ಕೌಂಟಿಗಳೆಲ್ಲ ‘ಬೇಡ’ ಎಂದಿದ್ದವು.

ನಮ್ಮಲ್ಲಿ ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯಿದೆ. ಕೊಲೊರಾಡೊದಲ್ಲಿ ತೋಳಕ್ಕೆ ಆಳಿಗೊಂದು ಮತ ಬಿದ್ದಿತು. ಕಲ್ಲಿಗಿಂತ ಮತ ಮೇಲೆಂದು ನೀವು ಹೇಳುವಿರಿ. ಒಪ್ಪುತ್ತೇನೆ. ಆದರೆ ಎರಡರಲ್ಲಿಯೂ ಒಂದು ಸಮಾನ ಅಂಶವಿದೆ: ಎಸೆದವನು ಕೈ ಝಾಡಿಸಿಕೊಂಡು ಮನೆಗೆ ಹೋಗಬಹುದು.

ತೋಳದ ಪರವಾಗಿ ಹೇಳಬೇಕಾದದ್ದನ್ನು ಮೊದಲು ನ್ಯಾಯವಾಗಿ ಹೇಳಿಬಿಡುತ್ತೇನೆ. ಅದು ತಾನಾಗಿ ಅಳಿಯಲಿಲ್ಲ, ಅಳಿಸಲ್ಪಟ್ಟಿತು. 1915ರಿಂದ ಅಮೆರಿಕದ ಕೇಂದ್ರ ಸರಕಾರವೇ ಹಣ ಕೊಟ್ಟು, ಸಂಬಳದ ಬೇಟೆಗಾರರನ್ನು ನೇಮಿಸಿ, ವಿಷ, ಬೋನು, ಬಂದೂಕುಗಳಿಂದ ಪಶ್ಚಿಮದ ತೋಳಗಳನ್ನು ಕೊಲ್ಲಿಸಿತು. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೂ 1926ರ ಹೊತ್ತಿಗೆ ತೋಳದ ಸಂಸಾರ ಉಳಿಯಲಿಲ್ಲ. ಬೆಂಕಿಯ ವಿಷಯದಲ್ಲಿಯೂ ಇದೇ ಬುದ್ಧಿ ಕೆಲಸ ಮಾಡಿತು. ಯಾವ ಕಾಳ್ಗಿಚ್ಚು ಕಂಡರೂ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಆರಿಸಿಬಿಡಬೇಕೆಂದು 1935ರಲ್ಲಿ ಅರಣ್ಯ ಇಲಾಖೆ ನಿಯಮ ಮಾಡಿತು. ಸಣ್ಣ ಬೆಂಕಿಗಳು ಆಗಾಗ ನೆಲದ ಕಸವನ್ನು ಸುಟ್ಟು ಹಗುರ ಮಾಡುತ್ತಿದ್ದ ಕಾಡುಗಳಲ್ಲಿ ದಶಕಗಟ್ಟಲೆ ಸೌದೆ ಕೂಡಿಬಿದ್ದಿತು. ತನಗೆ ಅಂಜಿಕೆ ಹುಟ್ಟಿಸುವ ಸೃಷ್ಟಿಯನ್ನು ಬೇರುಸಹಿತ ಕಿತ್ತುಹಾಕುವೆನೆಂಬ ಮಾನವನ ಗರ್ವಕ್ಕೆ ಇವೆರಡೂ ಸಾಕ್ಷಿ. ಬೆಂಕಿ ತಾನಾಗಿ ಹಿಂದಿರುಗಿತು. ಬಹುಪಾಲು ತೋಳಗಳನ್ನು ಮನುಷ್ಯರೇ ಹೊತ್ತುತಂದರು.

1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ಯೆಲ್ಲೊಸ್ಟೋನಿಗೆ ತಂದು ಬಿಟ್ಟಾಗ ಜಗತ್ತೇ ನೋಡಿತು. ಅವು ಬಂದು ನದಿಗಳ ಪಾತ್ರವನ್ನೇ ಬದಲಿಸಿದವೆಂಬ ಸುಂದರವಾದ ಚಲನಚಿತ್ರವೊಂದು ನಿಮ್ಮಲ್ಲಿ ಕೆಲವರ ಮೊಬೈಲಿಗೂ ಬಂದಿರಬಹುದು. ಅಲ್ಲಿಯೇ ಇಪ್ಪತ್ತು ವರ್ಷ ಪ್ರಯೋಗ ನಡೆಸಿದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಷ್ಟು ಸುಲಭವಾಗಿ ಏನೂ ಸರಿಹೋಗಿಲ್ಲವೆಂದು 2024ರಲ್ಲಿ ಪ್ರಕಟಿಸಿದರು. ಆ ವರದಿಯನ್ನು ಯಾರೂ ಮೊಬೈಲಿಗೆ ಕಳಿಸಿದಂತೆ ಕಾಣಲಿಲ್ಲ! ಇರಲಿ. ನದಿ ಬದಲಿಸದಿದ್ದರೂ ತೋಳಕ್ಕೆ ಬದುಕುವ ಹಕ್ಕಿದೆ. ಸೃಷ್ಟಿಕರ್ತನು ತನ್ನ ಜೀವಿಗಳಿಗೆ ಉಪಯೋಗದ ಪ್ರಮಾಣಪತ್ರ ಕೇಳಲಿಲ್ಲ.

ಈಗ 2023ರ ಡಿಸೆಂಬರ್ 18ಕ್ಕೆ ಬನ್ನಿ. ಆರೆಗಾನ್ ರಾಜ್ಯದಿಂದ ಹಿಡಿದು ತಂದ ಐದು ತೋಳಗಳನ್ನು ಗ್ರ್ಯಾಂಡ್ ಕೌಂಟಿಯ ಸರಕಾರಿ ಜಮೀನಿನಲ್ಲಿ ಪೆಟ್ಟಿಗೆ ತೆರೆದು ಬಿಟ್ಟರು. ರಾಜ್ಯಪಾಲರು ಖುದ್ದಾಗಿ ನಿಂತು ನೋಡಿದರು. ಛಾಯಾಚಿತ್ರಗಳು ಎಲ್ಲೆಡೆ ಪ್ರಕಟವಾದವು. ಕೆಲವೇ ದಿನಗಳಲ್ಲಿ ಆ ಸಂಖ್ಯೆ ಹತ್ತಾಯಿತು. ಎಲ್ಲಿ ಬಿಡುತ್ತಾರೆಂಬುದನ್ನು ನೆರೆಯ ಪಶುಪಾಲಕರಾದ ತಮಗೆ ಮುಂಚಿತವಾಗಿ ತಿಳಿಸಲಿಲ್ಲವೆಂದೂ, ತಂದವುಗಳಲ್ಲಿ ಕೆಲವು ಆರೆಗಾನಿನಲ್ಲಿಯೇ ದನಗಳ ಮೇಲೆ ಬಿದ್ದಿದ್ದ ಗುಂಪುಗಳಿಂದ ಬಂದವೆಂದೂ ಅಲ್ಲಿನವರು ದೂರಿದರು. ಎರಡನೆಯ ದೂರು ದಾಖಲೆಗಳಿಂದಲೇ ಸಿದ್ಧವಾಗುವಂಥದು. 2024ರ ಏಪ್ರಿಲಿನಲ್ಲಿ, ಹಸುಗಳು ಕರು ಹಾಕುವ ಕಾಲದಲ್ಲಿಯೇ, ಗ್ರ್ಯಾಂಡ್ ಕೌಂಟಿಯಲ್ಲಿ ಮೊದಲ ಕರು ತೋಳಕ್ಕೆ ಬಲಿಯಾಯಿತು. ಆ ಬೇಸಿಗೆಯಲ್ಲಿ ಒಂದು ಜೋಡಿ ಅಲ್ಲಿಯೇ ಮರಿ ಹಾಕಿತು. ‘ಕಾಪರ್ ಕ್ರೀಕ್’ ಗುಂಪೆಂದು ಅದಕ್ಕೆ ಹೆಸರಾಯಿತು. ಕರುಗಳೂ ಕುರಿಗಳೂ ಸಾಯುತ್ತ ಹೋದವು. ದಾಳಿ ಮಾಡುವ ತೋಳವನ್ನು ತೆಗೆದುಹಾಕಿರೆಂದು ಪಶುಪಾಲಕರು ಬೇಡಿದರು. ಅದು ಮರಿಗಳನ್ನು ಪೊರೆಯುತ್ತಿರುವ ಕಾರಣ ಆಗದೆಂದು ಉತ್ತರ ಬಂದಿತು. ಮರಿಗಳಿಗಾಗಿ ತಡೆದದ್ದು ತಪ್ಪೆಂದು ನಾನು ಹೇಳಲಾರೆ. ಹಾಗಾದರೆ ಆ ಮರಿಗಳು ಬೆಳೆಯುವ ತನಕ ಅವುಗಳಿಗೆ ಯಾರ ಮನೆಯ ಅನ್ನ? ಈ ಪ್ರಶ್ನೆಗೆ ಡೆನ್ವರಿನಲ್ಲಿ ಮತ ಹಾಕಿದವರ ಬಳಿ ಉತ್ತರವಿರಲಿಲ್ಲ. ಗುಬ್ಬಿಯೊದವರ ಬಳಿ ಇತ್ತು.

ನಗರದವರ ಕಡೆಯಿಂದ ಎರಡು ವಾದಗಳು ಬರುತ್ತವೆ, ಎರಡೂ ತೂಕದವು. ಮೊದಲನೆಯದು, ಸಾಯುವ ದನಗಳಲ್ಲಿ ತೋಳದಿಂದ ಸಾಯುವವು ತೀರ ಅಲ್ಪ, ರೋಗ ಮತ್ತು ಹವಾಮಾನದಿಂದ ಸಾಯುವವೇ ಹೆಚ್ಚು ಎಂಬುದು. ರಾಜ್ಯದ ಒಟ್ಟು ಲೆಕ್ಕದಲ್ಲಿ ಇದು ಸತ್ಯ. ಆದರೆ ತೋಳವು ರಾಜ್ಯದ ಸರಾಸರಿಯನ್ನು ತಿನ್ನುವುದಿಲ್ಲ. ಒಂದು ಬೇಲಿಯೊಳಗಿನ, ಒಂದು ಕುಟುಂಬದ ಕರುಗಳನ್ನು ತಿನ್ನುತ್ತದೆ. ನೂರು ಮನೆಗಳಿರುವ ಊರಿನಲ್ಲಿ ಒಂದೇ ಮನೆಗೆ ಬೆಂಕಿ ಬಿದ್ದರೆ, ನೂರಕ್ಕೆ ಒಂದಷ್ಟೇ ಎಂದು ಆ ಮನೆಯವನನ್ನು ಸಂತೈಸುವವನನ್ನು ನೀವು ಏನೆಂದು ಕರೆಯುತ್ತೀರಿ? ಮೇಲಾಗಿ ನಷ್ಟವು ಸತ್ತ ಕರುವಿನಲ್ಲಿಯೇ ಮುಗಿಯುವುದಿಲ್ಲ. ತೋಳ ಸುಳಿಯುವ ಕಡೆ ಹಸುಗಳು ನೆಮ್ಮದಿಯಾಗಿ ಮೇಯವು. ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ. ಕರುಗಳ ತೂಕ ಇಳಿಯುತ್ತದೆ. ಕೆಲವು ಕರುಗಳು ಕಾಣೆಯೇ ಆಗುತ್ತವೆ, ಎಲುಬೂ ಸಿಗುವುದಿಲ್ಲ. ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ರಾಜ್ಯವು 2025ರ ಮಾರ್ಚಿನಲ್ಲಿ ಗ್ರ್ಯಾಂಡ್ ಕೌಂಟಿಯ ಇಬ್ಬರು ಪಶುಪಾಲಕರಿಗೆ ಒಟ್ಟು 3,40,000 ಡಾಲರಿಗೂ ಹೆಚ್ಚು ಪರಿಹಾರವನ್ನು ಒಪ್ಪಬೇಕಾಯಿತು. ಅಲ್ಪ ನಷ್ಟವೆಂಬ ವಾದಕ್ಕೆ ಸರಕಾರದ ಲೆಕ್ಕಪತ್ರವೇ ಕೊಟ್ಟ ಉತ್ತರವದು.

ಎರಡನೆಯ ವಾದ ಇನ್ನೂ ಗಟ್ಟಿಯಾದುದು. ಪಶುಪಾಲಕರ ದನ ಮೇಯುವುದು ಸಾರ್ವಜನಿಕ ಜಮೀನಿನಲ್ಲಿ. ಒಂದು ಹಸು ಮತ್ತು ಅದರ ಕರುವಿಗೆ ತಿಂಗಳಿಗೆ ಅವರು ಕೇಂದ್ರ ಸರಕಾರಕ್ಕೆ ಕೊಡುತ್ತಿದ್ದ ಶುಲ್ಕ 2025ರಲ್ಲಿ 1 ಡಾಲರ್ 35 ಸೆಂಟ್. ಖಾಸಗಿ ಹುಲ್ಲುಗಾವಲಿನ ಬಾಡಿಗೆಗೆ ಹೋಲಿಸಿದರೆ ಇದು ಪುಡಿಗಾಸು. ನಾಡಿನ ಜಮೀನನ್ನು ಅಗ್ಗಕ್ಕೆ ಉಣ್ಣುವವರು ನಾಡಿನ ತೋಳಕ್ಕೆ ಅಲ್ಲಿ ಜಾಗವಿಲ್ಲವೆನ್ನುವುದು ಹೇಗೆ? ಈ ಮಾತಿಗೆ ಪಶುಪಾಲಕರ ಸಂಘಗಳು ಕೊಡುವ ಉತ್ತರ ನನಗೆ ತೃಪ್ತಿಕರವಾಗಿಲ್ಲ. ಕಾಡು ಅವರ ಅಜ್ಜನ ಆಸ್ತಿಯಲ್ಲ. ತೋಳವೇ ಬೇಡವೆನ್ನುವ ಹಕ್ಕು ಅವರಿಗಿಲ್ಲ. ತೋಳದ ವೆಚ್ಚವನ್ನು ತಾವೊಬ್ಬರೇ ಹೊರಲಾರೆವೆನ್ನುವ ಹಕ್ಕು ಮಾತ್ರ ಅವರಿಗೆ ಪೂರ್ತಿಯಾಗಿ ಇದೆ.

ಪರಿಹಾರ ಕೊಟ್ಟಾಯಿತಲ್ಲ, ಒಂದು ದನಕ್ಕೆ 15,000 ಡಾಲರಿನವರೆಗೆ ಕೊಡುವ ಕಾನೂನೇ ಇದೆಯಲ್ಲ ಎಂದು ನೀವು ಕೇಳಬಹುದು. ಸತ್ತ ಮೇಲೆ ಬರುವ ಹಣವನ್ನು ಒಡಂಬಡಿಕೆ ಎನ್ನಲಾಗದು. ಆ ಹಣಕ್ಕಾಗಿ ಮನುಷ್ಯನು ಕಳೇಬರವನ್ನು ಹುಡುಕಬೇಕು, ಅಧಿಕಾರಿ ಬರುವ ತನಕ ಕಾಯಬೇಕು, ಹಲ್ಲಿನ ಗುರುತನ್ನು ಸಿದ್ಧಪಡಿಸಬೇಕು, ಕಾಗದಪತ್ರ ತುಂಬಬೇಕು. ತಾನು ಸುಳ್ಳು ಹೇಳುತ್ತಿಲ್ಲವೆಂದು ಪ್ರತಿ ಸಲ ತೋರಿಸಬೇಕು. ಗುಬ್ಬಿಯೊದ ಒಪ್ಪಂದದಲ್ಲಿ ಅನ್ನವು ತೋಳ ಹಸಿಯುವ ಮೊದಲೇ ಬಾಗಿಲಲ್ಲಿ ಸಿದ್ಧವಾಗಿತ್ತು.

ಮೊದಲೇ ಸಿದ್ಧಪಡಿಸುವುದೆಂದರೆ ಏನೆಂಬುದು ತಿಳಿಯದ ವಿಷಯವೇನಲ್ಲ. ಸತ್ತ ದನದ ಕಳೇಬರಗಳನ್ನು ಬಯಲಲ್ಲಿ ಬಿಡದೆ ಆಳವಾಗಿ ಹೂಳಬೇಕು. ಆ ವಾಸನೆಯೇ ತೋಳಕ್ಕೆ ಮೊದಲ ಆಮಂತ್ರಣ. ಕರು ಹಾಕುವ ಬಯಲಿನ ಸುತ್ತ ಹಗ್ಗಕ್ಕೆ ಕೆಂಪು ಬಟ್ಟೆಯ ಪಟ್ಟಿಗಳನ್ನು ಕಟ್ಟಿದರೆ ತೋಳ ಕೆಲವು ವಾರ ಅಳುಕುತ್ತದೆ. ದೊಡ್ಡ ಕಾವಲು ನಾಯಿಗಳು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕುದುರೆಯೇರಿ ಹಗಲಿರುಳು ಹಿಂಡಿನ ಸುತ್ತ ತಿರುಗುವ ಮನುಷ್ಯರು ಬೇಕು. ಬಾಡಿಗೆಗೆ ಬಂದವನು ತೋಳವನ್ನು ಕಂಡು ಓಡಿಹೋಗುತ್ತಾನೆ, ಒಳ್ಳೆಯ ಕುರಿಗಾಹಿ ನಿಲ್ಲುತ್ತಾನೆ ಎಂದು ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ನಮ್ಮ ಪ್ರಭುವು ಹೇಳಿದ ಮಾತಿಗೆ ಹಿಂಡಿನ ಬಳಿ ಇರುವುದೆಂಬ ಸರಳವಾದ ಅರ್ಥವೂ ಇದೆ. ಕೊಲೊರಾಡೊ ರಾಜ್ಯವು ಇಂಥ ಕಾವಲು ಸವಾರರ ವ್ಯವಸ್ಥೆಯನ್ನು ಮಾಡಿತು, ಅಲ್ಲವೆಂದಲ್ಲ. ಅದು ಜಾರಿಗೆ ಬಂದದ್ದು 2025ರಲ್ಲಿ. ತೋಳ ಬಂದದ್ದು 2023ರಲ್ಲಿ. ನಡುವಿನ ಒಂದು ವರ್ಷದ ಅನ್ನವನ್ನು ಗ್ರ್ಯಾಂಡ್ ಕೌಂಟಿಯ ಕೆಲವೇ ಮನೆಗಳು ಬಡಿಸಿದವು. ಮತ ಕೊಟ್ಟವರ ಹೆಸರಿನಲ್ಲಿ ನಡೆದ ಈ ಔದಾರ್ಯಕ್ಕೆ ನಮ್ಮ ಹಿರಿಯರು ಒಂದು ಹೆಸರಿಟ್ಟಿದ್ದಾರೆ: ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ.

ಒಂದು ಒಳ್ಳೆಯ ಸಂಗತಿಯನ್ನು ಮರೆಮಾಚಬಾರದು. ತೋಳದ ಚಿತ್ರವಿರುವ ವಾಹನ ಫಲಕವೊಂದನ್ನು ಆ ರಾಜ್ಯವು 2024ರಲ್ಲಿ ಹೊರಡಿಸಿತು. ಹೆಚ್ಚಿನ ಶುಲ್ಕ ಕೊಟ್ಟು ಅದನ್ನು ಕೊಂಡವರ ಹಣವು ತೋಳವನ್ನು ಕೊಲ್ಲದೆ ಹಿಂಡನ್ನು ಕಾಯುವ ಕೆಲಸಗಳಿಗೆ ಹೋಗುತ್ತದೆ. ಸಾವಿರಾರು ಜನರು ಕೊಂಡರು. ನಗರದವನೊಬ್ಬನು ತನ್ನ ಜೇಬಿನಿಂದ ತೋಳದ ಊಟಕ್ಕೆ ಕೊಟ್ಟ ಮೊದಲ ತುತ್ತು ಎಂದು ಇದನ್ನು ನಾನು ಗೌರವಿಸುತ್ತೇನೆ. ಆದರೆ ಮತ ಹಾಕಿದವರು ಹದಿನೈದು ಲಕ್ಷಕ್ಕೂ ಹೆಚ್ಚು ಮಂದಿ ಎಂಬುದನ್ನೂ ನೆನಪಿಡಬೇಕು.

ಪಶುಪಾಲಕರ ಪಕ್ಷವನ್ನೂ ಪೂರ್ತಿಯಾಗಿ ಹಿಡಿಯಲಾರೆ. ಗುಂಡಿಕ್ಕು, ಹೂಳು, ಬಾಯಿಮುಚ್ಚಿಕೋ ಎಂಬ ಮೂರು ಮಾತಿನ ಸಲಹೆ ಅಮೆರಿಕದ ಪಶ್ಚಿಮದಲ್ಲಿ ಬಹುಕಾಲದಿಂದ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. 2024ರ ಆಗಸ್ಟ್ ಕೊನೆಯಲ್ಲಿ ಕಾಪರ್ ಕ್ರೀಕ್ ಗುಂಪನ್ನು ಹಿಡಿದು ಸಾಗಿಸಲು ಹೊರಟಾಗ ಗಂಡು ತೋಳವು ಗಾಯಗೊಂಡು ಬಡಕಲಾಗಿ ಸಿಕ್ಕಿತು. ಕೆಲವೇ ದಿನಗಳಲ್ಲಿ ಸತ್ತಿತು. ಅದರ ಸಾವಿಗೆ ಗುಂಡೇಟು ಕಾರಣವೆಂದು ಪರೀಕ್ಷೆಯಲ್ಲಿ ತಿಳಿಯಿತು. ಯಾರು ಹೊಡೆದರೆಂದು ಹೇಳಲು ನನಗೆ ಅಧಿಕಾರವಿಲ್ಲ. ಕತ್ತಲಲ್ಲಿ ಹಾರಿದ ಆ ಗುಂಡು ಪಶುಪಾಲಕರ ನ್ಯಾಯವಾದ ದೂರಿಗೆ ಮಸಿ ಬಳಿಯಿತು ಎಂದಷ್ಟೇ ಹೇಳುತ್ತೇನೆ. ಇನ್ನು ರಾಜಕಾರಣಿಗಳು ಉರಿಯುವ ಮನೆಯಲ್ಲಿ ಗಳ ಹಿರಿಯುವವರು. ಒಂದು ಪಕ್ಷಕ್ಕೆ ತೋಳವು ನಗರದ ಮತದ ಗುರುತು, ಇನ್ನೊಂದಕ್ಕೆ ಹಳ್ಳಿಯ ಸಿಟ್ಟಿನ ಗುರುತು. ಅವರಿಬ್ಬರ ಬಗ್ಗೆ ಈ ಪುಟಗಳನ್ನು ವ್ಯಯಿಸಬೇಕಾಗಿಲ್ಲ.

ಇದೆಲ್ಲ ದೂರದ ದೇಶದ ಸುದ್ದಿ, ನಮಗೇನು ಎಂದು ನೀವು ಕೇಳುವ ಮುನ್ನ ನಮ್ಮ ಬಯಲುಸೀಮೆಯತ್ತ ಒಮ್ಮೆ ತಿರುಗಿ ನೋಡೋಣ. ನಮ್ಮಲ್ಲಿ ತೋಳವನ್ನು ಪೆಟ್ಟಿಗೆಯಲ್ಲಿ ತರಬೇಕಾಗಿ ಬರಲಿಲ್ಲ. ಅದು ಹೋಗಲೇ ಇಲ್ಲ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ಒಂದು ವನ್ಯಧಾಮವಿದೆ. ಆದರೆ ವನ್ಯಧಾಮ ಬರುವ ಎಷ್ಟೋ ಶತಮಾನ ಮೊದಲಿನಿಂದ ಆ ಸೀಮೆಯ ಕುರುಬರು ತೋಳದೊಡನೆ ಬಾಳಿದ್ದಾರೆ. ಹೊಲದಲ್ಲಿ ಕುರಿ ತರುಬಿ, ಸುತ್ತ ಬಲೆ ಕಟ್ಟಿ, ನಾಯಿಗಳನ್ನು ಬಿಟ್ಟು, ಕಂಬಳಿ ಹೊದ್ದು ಹಿಂಡಿನ ಬದಿಯಲ್ಲಿಯೇ ಮಲಗುತ್ತಾರೆ. ಅಮೆರಿಕದವರು ಸಂಬಳ ಕೊಟ್ಟು ನೇಮಿಸಿದ ಕಾವಲು ಸವಾರನ ಕೆಲಸ ನಮ್ಮ ಕುರುಬನಿಗೆ ಬದುಕೇ ಆಗಿದೆ. ವರ್ಷಕ್ಕೆ ಒಂದೆರಡು ಮರಿ ತೋಳದ ಪಾಲೆಂದು ಲೆಕ್ಕದಲ್ಲಿಯೇ ಸೇರಿಸಿಕೊಳ್ಳುವ ಹಿರಿಯರು ಅವರಲ್ಲಿದ್ದಾರೆ. ಹಾಗೆಂದು ಅವರನ್ನು ಸಂತರನ್ನಾಗಿ ಮಾಡುವುದು ಬೇಡ. ಗುಹೆಗೆ ಹೊಗೆಯಿಕ್ಕಿ ತೋಳದ ಮರಿಗಳನ್ನು ಕೊಂದದ್ದೂ ಉಂಟು. ನಾನು ಕೇಳುವುದಿಷ್ಟೇ: ತೋಳದ ಮರಿಗಳ ಚಿತ್ರವನ್ನು ಪತ್ರಿಕೆಯಲ್ಲಿ ಕಂಡು ಸಂತೋಷಪಡುವ ಬೆಂಗಳೂರು, ಮೈಸೂರಿನ ನಾವು ಆ ಒಂದೆರಡು ಕುರಿಮರಿಗಳಿಗೆ ಏನು ಕೊಟ್ಟಿದ್ದೇವೆ? ಡೆನ್ವರಿನವನನ್ನು ಬೈಯುವ ಮೊದಲು ಈ ಲೆಕ್ಕ ನೋಡಿಕೊಳ್ಳಬೇಕು.

ಧರ್ಮಸಭೆಯ ಪಾಲಿನ ಪ್ರಶ್ನೆ ಇನ್ನೂ ಉಳಿದಿದೆ. ಡೆನ್ವರ್ ನಗರ, ಬೌಲ್ಡರ್ ಪಟ್ಟಣ, ಬೆಂಕಿಯೂ ತೋಳವೂ ಬಂದ ಗ್ರ್ಯಾಂಡ್ ಕೌಂಟಿ ಎಲ್ಲವೂ ಒಂದೇ ಡೆನ್ವರ್ ಮಹಾಧರ್ಮಕ್ಷೇತ್ರಕ್ಕೆ ಸೇರಿವೆ. ಎಂದರೆ ತೋಳಕ್ಕೆ ಮತ ಕೊಟ್ಟ ಕಥೋಲಿಕನೂ ಕರು ಕಳೆದುಕೊಂಡ ಕಥೋಲಿಕನೂ ಒಬ್ಬರೇ ಮಹಾಧರ್ಮಾಧ್ಯಕ್ಷರ ಹೆಸರನ್ನು ಹೇಳಿ ಪ್ರಾರ್ಥಿಸುತ್ತಾರೆ, ಒಂದೇ ಪರಮಪ್ರಸಾದವನ್ನು ಸ್ವೀಕರಿಸುತ್ತಾರೆ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಆಲಿಸಬೇಕೆಂದು ಬೋಧಿಸಿದರು. ನಮ್ಮ ವಿಚಾರ ಸಂಕಿರಣಗಳಲ್ಲಿ ಪರಿಪತ್ರದ ಮೊದಲ ಅರ್ಧವನ್ನು ಪರಿಸರಪ್ರಿಯರು ಓದುತ್ತಾರೆ, ಎರಡನೆಯ ಅರ್ಧವನ್ನು ಸಮಾಜಸೇವಕರು ಓದುತ್ತಾರೆ. ಗುಬ್ಬಿಯೊದ ಕಥೆಗೆ ಆದ ಗತಿಯೇ ಅದಕ್ಕೂ ಆಗಿದೆ. ಕುರಿಮರಿಯ ಜೊತೆಯಲ್ಲಿ ತೋಳವು ತಂಗುವ ದಿನವನ್ನು ಪ್ರವಾದಿ ಯೆಶಾಯನು ಕಂಡನೆಂದು ಆಗಮನ ಕಾಲದಲ್ಲಿ ಓದುತ್ತೇವೆ. ಆ ದಿನ ಬರುವ ತನಕ ಕುರಿಮರಿಯ ಕಡೆಯವರು ರಾತ್ರಿ ಎಚ್ಚರವಿರಬೇಕಾಗುತ್ತದೆ. ಅವರಿಗೆ ಜೊತೆಯಾಗಿ ಎಚ್ಚರವಿರುವುದನ್ನು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ವಾಕ್ಯ ಸೇರಿಸಿ ತೀರಿಸಿಬಿಡಲಾಗದು.

2025ರ ಆಗಸ್ಟಿನಲ್ಲಿ ಇದೇ ಮಹಾಧರ್ಮಕ್ಷೇತ್ರದ ಪಶ್ಚಿಮದಂಚಿನ ರಿಯೊ ಬ್ಲಾಂಕೊ ಕೌಂಟಿಯಲ್ಲಿ ಸಿಡಿಲಿನಿಂದ ಹೊತ್ತಿದ ‘ಲೀ’ ಕಾಳ್ಗಿಚ್ಚು 1,37,000 ಎಕರೆಗೂ ಹೆಚ್ಚು ಸುಟ್ಟಿತು. ಮೇವಿನ ಬಯಲುಗಳೂ ಬೇಲಿಗಳೂ ಹೋದವು. ಅದೇ ಬೇಸಿಗೆಯಲ್ಲಿ ಅದೇ ಕೌಂಟಿಯ ಕುರಿಗಳ ಮೇಲೆ ತೋಳ ಬಿದ್ದಿತು. ಬೆಂಕಿಗೆ ನೆರೆಹೊರೆಯವರು ಮತ್ತೆ ಓಡಿಬಂದರು.

ಕಾಪರ್ ಕ್ರೀಕಿನ ತಾಯಿಯನ್ನೂ ಹಿಡಿದಿಟ್ಟಿದ್ದ ನಾಲ್ಕು ಮರಿಗಳನ್ನೂ 2025ರ ಜನವರಿಯಲ್ಲಿ, ಕೆನಡಾದಿಂದ ತಂದ ಹದಿನೈದು ಹೊಸ ತೋಳಗಳೊಂದಿಗೆ, ಮತ್ತೆ ಕಾಡಿಗೆ ಬಿಟ್ಟರು. ಈ ಸಲ ಗ್ರ್ಯಾಂಡ್ ಕೌಂಟಿಯಲ್ಲಲ್ಲ, ಪಿಟ್ಕಿನ್ ಕೌಂಟಿಯ ಕಡೆಗೆ. ವಸಂತ ಬಂದಿತು, ಅಲ್ಲಿಯ ಹಸುಗಳೂ ಕರು ಹಾಕಿದವು, ಕರುಗಳು ಸತ್ತವು. ಮೇ ತಿಂಗಳ ಕೊನೆಯಲ್ಲಿ ಸರಕಾರಿ ಸಿಬ್ಬಂದಿಯೇ ಆ ಮರಿಗಳಲ್ಲಿ ಒಂದನ್ನು, ಆಗ ಒಂದು ವರ್ಷದ ಗಂಡನ್ನು, ಗುಂಡಿಕ್ಕಿ ಕೊಂದರು. ಅದನ್ನು ಹುಟ್ಟಿದ ಜಾಗದಿಂದ ಹೊತ್ತೊಯ್ದು, ಬೇರೆಯವರ ಹಿಂಡಿನ ನಡುವೆ ಬಿಟ್ಟು, ಆಮೇಲೆ ಕೊಂದದ್ದಾಯಿತು. ನಗರದಲ್ಲಿ ಅದಕ್ಕಾಗಿ ಅತ್ತವರಿದ್ದರು, ಹುಲ್ಲುಗಾವಲಿನಲ್ಲಿ ನಿಟ್ಟುಸಿರು ಬಿಟ್ಟವರಿದ್ದರು. ಗುಬ್ಬಿಯೊದಲ್ಲಿ ತೋಳ ಸತ್ತಾಗ, ಅದಕ್ಕೆ ಉಣ್ಣಿಸಿದ್ದವರೇ ಅತ್ತಿದ್ದರು.